ಎರಡು ಲೀಟರಿನ ಹಟ

ನನ್ನ ಬೈಕು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: "ಎಷ್ಟು ಕೊಡುತ್ತೆ?" ಅರಸೀಕೆರೆಯಲ್ಲಂತೂ ಕೊಬ್ಬರಿ ಮಂಡಿಯಿಂದ ರೈಲ್ವೆ ಸ್ಟೇಷನ್ನಿನವರೆಗೂ ಇದೇ ಪ್ರಶ್ನೆ. ದನದ ಡಾಕ್ಟರಾದ ಹೆಂಗಸು ಕಲ್ಲು ಕೆಸರು ಹತ್ತುವ ಇಷ್ಟೆತ್ತರದ ಬೈಕನ್ನೇ ಯಾಕೆ ತಂದಳು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ, ಹಗರೆ ಹತ್ತಿರದ ಹಳ್ಳಿಯೊಂದರಲ್ಲಿ ಹಸುವಿಗೆ ಹೆರಿಗೆ ಕಷ್ಟವಾಗಿದೆ ಅಂತ ಫೋನು ಬಂದಿತ್ತು. ಹೊರಟೆ. ಕೆರೆ ಏರಿಯ ಕೆಸರಲ್ಲಿ ನನ್ನ ಸ್ಕೂಟರು ಕೆಟ್ಟು ನಿಂತಿತು. ನಾನು ಹೇಗೋ ತಲುಪುವ ಹೊತ್ತಿಗೆ ಹಸು ಸತ್ತಿತ್ತು. ಆ ಮನೆಯಾಕೆ ಗಂಡನನ್ನು ಕಳೆದುಕೊಂಡವಳು, ಡೇರಿಗೆ ಹಾಲು ಹಾಕಿಯೇ ಸಂಸಾರ ನಡೆಸುತ್ತಿದ್ದವಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮುಂದಿನ ತಿಂಗಳೇ ಸ್ಕೂಟರು ಮಾರಿ ಈ ಬೈಕು ತಂದೆ.

ತಂದಾಗಿನಿಂದ ಒಂದು ದಿನವೂ ಕೈಕೊಟ್ಟಿಲ್ಲ, ಮಹರಾಯ. ಒಂದು ಪಂಕ್ಚರು, ಒಂದು ಕ್ಲಚ್ ಕೇಬಲ್, ಅಷ್ಟೆ. ಆದರೆ ಕೊಬ್ಬರಿ ವ್ಯಾಪಾರದ ನಮ್ಮ ಮಾವನವರಿಗೆ ಸಮಾಧಾನವಿಲ್ಲ. "ಆನೆ ಸಾಕಿದ ಹಾಗಾಯ್ತಲ್ಲಮ್ಮಾ. ಲೀಟರಿಗೆ ಇಪ್ಪತ್ತೂ ಕೊಡಲ್ಲ, ಬೇಕಾದ್ರೆ ನೋಡು" ಅಂತ ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ಭಾನುವಾರ, "ಬನ್ನಿ ಮಾವ, ಅಳೆದೇ ಬಿಡೋಣ" ಅಂದೆ. ಮೆಕ್ಯಾನಿಕ್ ಟ್ಯಾಂಕು ಬರಿದು ಮಾಡಿದ. ಮಾವನವರೇ ಬಾಟಲಿಯಲ್ಲಿ ಅಳೆದು ಎರಡು ಲೀಟರ್ ಹುಯ್ದರು. ನಿಲ್ಲುವವರೆಗೂ ಓಡಿಸುವುದು, ನಿಂತಲ್ಲಿಂದ ಫೋನು ಮಾಡುವುದು ಅಂತ ಮಾತಾಯಿತು.

ಹಾರನಹಳ್ಳಿ ದಾಟುವಷ್ಟರಲ್ಲಿ ಫೋನು ಬಂತು. ಹಗರೆ ಹತ್ತಿರದ ಹಳ್ಳಿಯ ಅದೇ ಹೆಂಗಸು! "ಡಾಕ್ಟ್ರಮ್ಮಾ, ಕಡಸು ಬೆಳಿಗ್ಗಿಂದ ಈಯಕ್ಕೆ ಮುಕ್ಕುತಾ ಐತೆ. ಒಂದೇ ಕಾಲು ಕಾಣ್ತೈತೆ. ಬೇಗ ಬನ್ನಿ ತಾಯಿ." ಹಸು ಸತ್ತ ಮೇಲೆ ಆಕೆ ಕಷ್ಟಪಟ್ಟು ಸಾಕಿದ್ದ ಕಡಸು ಅದು, ಚೊಚ್ಚಲ ಬೇರೆ. ಅಲ್ಲಿಂದಲೇ ಹಳೇಬೀಡಿನ ಕಡೆ ತಿರುಗಿಸಿದೆ.

ಹಳೇಬೀಡಿನಲ್ಲಿ ಬಂಕ್ ಸಿಕ್ಕಿತು. ಬಂಕ್ ತುಂಬ ಟೂರಿಸ್ಟ್ ಗಾಡಿಗಳಿದ್ದವು ನಿಜ. ಆದರೆ ನಾನು ನಿಲ್ಲಿಸದೇ ಇದ್ದದ್ದು ಅದಕ್ಕಲ್ಲ. ಬೈಕು ಇನ್ನೂ ಓಡುತ್ತಿತ್ತು, ಮಾವನವರ ಇಪ್ಪತ್ತನ್ನು ಆಗಲೇ ದಾಟಿಯಾಗಿತ್ತು. ಓಡಲಿ, ಇನ್ನಷ್ಟು ಓಡಲಿ ಅಂತ ಹಟ! ನನ್ನ ಬುದ್ಧಿಗಿಷ್ಟು.

ಮುಖ್ಯರಸ್ತೆ ಬಿಟ್ಟು ಹಳ್ಳಿಯ ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಗುಕ್ ಗುಕ್ ಅಂದು ನಿಂತೇಹೋಯಿತು. ಪಾಪ, ಅದರ ತಪ್ಪೇನಿದೆ? ಬೈಕು ನೂಕಿಕೊಂಡು, ನನ್ನನ್ನು ನಾನೇ ಬೈದುಕೊಳ್ಳುತ್ತಾ ಹೋದೆ. ಪಕ್ಕದ ತೋಟದಲ್ಲಿ ಮಿಷನ್ನಿನಿಂದ ಕಳೆ ಹೊಡೆಯುತ್ತಿದ್ದ ಯಜಮಾನರೊಬ್ಬರು ಓಡಿ ಬಂದರು. ವಿಷಯ ಕೇಳಿದ್ದೇ ಮಿಷನ್ನಿಗೆ ಇಟ್ಟಿದ್ದ ಪೆಟ್ರೋಲ್ ತಂದರು. "ಆಯಿಲ್ ಬೆರ್ಸಿರೋದು ಕಣಮ್ಮಾ, ನಿಮ್ ಗಾಡಿಗೆ ಆಯ್ತದಾ?" ಅಂದರು. "ಹುಯ್ಯಿರಿ ಅಣ್ಣಾ, ಏನಾದ್ರೂ ಆಗಲಿ" ಅಂದೆ. ನಾಲ್ಕನೇ ಸಲ ಸ್ಟಾರ್ಟ್ ಬಟನ್ ಒತ್ತಿದಾಗ ಬೈಕು ಕೆಮ್ಮಿತು, ಬೆಳ್ಳಗೆ ಹೊಗೆ ಬಿಟ್ಟಿತು, ಹೊರಟಿತು. ನೆನೆದ ಹೊಲದ ಬದುವನ್ನೂ ಹತ್ತಿಸಿ ನನ್ನನ್ನು ಕೊಟ್ಟಿಗೆ ಬಾಗಿಲಿಗೇ ಮುಟ್ಟಿಸಿತು. ಆ ಯಜಮಾನರಿಗೂ ಈ ಬೈಕಿಗೂ ನಾನು ಎಷ್ಟು ಕೈಮುಗಿದರೂ ಸಾಲದು.

ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಭುಜದವರೆಗೆ ಕೈ ಹಾಕಿ ಅದನ್ನು ಬಿಡಿಸುವಷ್ಟರಲ್ಲಿ ನನ್ನ ಉಸಿರೇ ನಿಂತಂತಾಯಿತು. ಹಗ್ಗ ಕಟ್ಟಿ ನಾನೂ ಆಕೆಯೂ ಎಳೆದೆವು. ಹೊರಗೆ ಬಿದ್ದ ಕರು ಅಲುಗಾಡಲಿಲ್ಲ. ಮೂಗು ಬಾಯಿ ಒರೆಸಿ, ಒಣಹುಲ್ಲಿಂದ ಎದೆ ಉಜ್ಜಿದೆ, ಉಜ್ಜುತ್ತಲೇ ಇದ್ದೆ. ಕೊನೆಗೆ ಒಂದು ಸೀನು ಸೀನಿ ತಲೆ ಒದರಿತು. ಹೆಣ್ಣು ಕರು. ತಾಯಿ ಎದ್ದು ನಿಂತು ನೆಕ್ಕತೊಡಗಿತು.

ಆಕೆ ನನ್ನ ಕೈಗೆ ಬಿಸಿನೀರು ಹುಯ್ಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಬಂಕ್ ಸಿಕ್ಕಿತ್ತು ಕಣ್ರೀ, ನಾನೇ ನಿಲ್ಲಿಸಲಿಲ್ಲ. ಹಟಕ್ಕೆ ಬಿದ್ದು ತಡ ಮಾಡಿದೆ. ಹೋದ ಸಲ ಹಾಗಾದ ಮೇಲೂ ನನ್ನನ್ನೇ ಯಾಕೆ ಕರೆದ್ರಿ?" ಅಂದೆ.

ಆಕೆ ಚೊಂಬು ಕೆಳಗಿಟ್ಟಳು. "ಹೋದ್ಸಲ ನೀವು ಆ ಏರಿಯಿಂದ ಬರಿಗಾಲಲ್ಲಿ ಓಡ್ಕಂಡು ಬಂದ್ರಲ್ಲವ್ವಾ. ಕಾಲೆಲ್ಲಾ ಮುಳ್ಳು, ರಕ್ತ. ಇನ್ಯಾರನ್ನ ಕರೀಲಿ ಹೇಳಿ?"

ನನಗೆ ನೆನಪಿದ್ದದ್ದು ಸತ್ತ ಹಸು ಮಾತ್ರ. ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು, ಆ ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.