ಗರುಡನಿಗಾಗಿ ಕಾದ ಪೊಲೀಸರು

ಅರವತ್ತೈದರ ಯುದ್ಧದ ಸಮಯ. ಭಾನುವಾರ ಬೆಳಿಗ್ಗೆ ಕೂಳೂರಿನ ಹೊಳೆಬದಿಯಲ್ಲಿ ಕ್ಯಾಮರಾ ಹಿಡಿದು ನಿಂತಿದ್ದೆ. ಸೇತುವೆ ಕಾಯುತ್ತಿದ್ದ ಪೊಲೀಸರೊಬ್ಬರು ಬಿರುಸಾಗಿ ಇಳಿದು ಬಂದರು.

“ಸಂಕದ ಫೋಟೋ ಯಾಕೆ ತೆಗೀತಿದ್ದೀರಿ?”

“ಸಂಕದ್ದಲ್ಲ ಮಾರಾಯ್ರೆ, ಗರುಡನದ್ದು.”

ಅವರು ಆಕಾಶ ನೋಡಿದರು. ಒಂದು ಕಾಗೆಯೂ ಇರಲಿಲ್ಲ. “ಎಲ್ಲಿ ಉಂಟು ಗರುಡ? ರೀಲು ಬಿಚ್ಚಿ ಕೊಡಿ.”

ಬಿಚ್ಚಿದರೆ ಇಡೀ ತಿಂಗಳು ತೆಗೆದ ಚಿತ್ರಗಳೆಲ್ಲ ಬೆಳಕು ತಾಗಿ ಹಾಳು. ಆದರೆ ನನಗೆ ಆ ಹಕ್ಕಿಯ ಮೇಲೆ ಪೂರ್ತಿ ನಂಬಿಕೆಯಿತ್ತು. “ಮೀನಿನ ದೋಣಿ ಬರುವಾಗ ಅದು ಆ ಗೂಟದ ಮೇಲೆ ಬಂದು ಕೂರುತ್ತದೆ. ಬಾರದಿದ್ದರೆ ಕ್ಯಾಮರಾವನ್ನೇ ಇಟ್ಟುಕೊಳ್ಳಿ,” ಎಂದೆ.

ಅವರು ಅನುಮಾನದಿಂದಲೇ ಪಕ್ಕದ ಕಲ್ಲಿನ ಮೇಲೆ ಕೂತರು. ಅರ್ಧ ಗಂಟೆ ಕಳೆಯಿತು. ಮೊದಲ ದೋಣಿ ದಡ ಮುಟ್ಟುವಷ್ಟರಲ್ಲಿ ಬಿಳಿ ಎದೆಯ, ಕೆಂಗಂದು ರೆಕ್ಕೆಯ ಗರುಡ ಒಂದು ಸುತ್ತು ಹಾಕಿ ಗೂಟದ ಮೇಲೆ ಇಳಿಯಿತು. ಪೊಲೀಸರು ಟೊಪ್ಪಿ ತೆಗೆದು ಕೈ ಮುಗಿದರು. ನಾನು ಕ್ಲಿಕ್ ಮಾಡಿದೆ.

“ಎಂತ ಚಂದ ಮಾರಾಯ್ರೆ! ದಿನಾ ಇಲ್ಲೇ ಇದ್ದೇನೆ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ,” ಎಂದು ಪಿಸುಗುಟ್ಟಿದರು. ರೀಲಿನ ಮಾತು ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ನಾನು ಸೈಕಲ್ಲಿನಿಂದ ಇಳಿಯುವ ಮೊದಲೇ ಅವರು ಗದರಿದರು: “ಇಷ್ಟು ತಡವಾ? ಬಂದು ಹೋಯಿತು. ಇವತ್ತು ಎರಡು ಇದ್ದವು!”