ಶ್ರದ್ಧಾಂಜಲಿಯಲ್ಲಿ ತಂದೆಯ ಜಾಗ

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಾನು ಫ್ಲೆಕ್ಸ್ ಬ್ಯಾನರ್ ವಿನ್ಯಾಸ ಮಾಡುತ್ತಿದ್ದಾಗ, ಊರಂಚಿನ ಪೆಂಡುರ್ತಿಯಿಂದ ಒಬ್ಬರು, ತೀರಿಕೊಂಡ ತಮ್ಮ ತಂದೆಯ ಶ್ರದ್ಧಾಂಜಲಿ ಬ್ಯಾನರಿಗಾಗಿ ಬಂದರು. ಅಳತೆ ಹತ್ತಡಿಗೆ ಎಂಟಡಿ. ತಂದೆಯ ಮುಖವನ್ನು ನಡುವೆ ದೊಡ್ಡದಾಗಿ ಇಟ್ಟೆ.

ಆಮೇಲೆ ಶಾಸಕರ ಫೋಟೊ ಕೊಟ್ಟರು. ಅನಂತರ ಕಾರ್ಪೊರೇಟರದು, ಆ ಕಾರ್ಪೊರೇಟರ ತಮ್ಮನದು, ಬಡಾವಣೆಯ ಸಂಘದ ಅಧ್ಯಕ್ಷರದು. ಒಬ್ಬೊಬ್ಬರು ಸೇರಿದಂತೆಲ್ಲ ತಂದೆ ಚಿಕ್ಕವರಾಗುತ್ತ ಮೂಲೆಗೆ ಸರಿದರು.

“ಅಳತೆ ಹೆಚ್ಚಿಸೋಣ ಸಾರ್, ತಂದೆಯವರೇ ಕಾಣುತ್ತಿಲ್ಲ,” ಎಂದೆ.

“ಬ್ಯಾನರ್ ಕಟ್ಟುವ ಕಂಬಗಳ ನಡುವೆ ಇರುವುದೇ ಅಷ್ಟು ಜಾಗ ಬಾಬು. ತಿಥಿಯೂಟಕ್ಕೆ ಇವರೆಲ್ಲ ಬಂದರೆ ನನ್ನ ಮಗನಿಗೊಂದು ಕೆಲಸ ಕೇಳಬೇಕು. ಒಬ್ಬರನ್ನು ಬಿಟ್ಟರೂ ಮುನಿಸು. ಅಪ್ಪ ಏನೂ ಅಂದುಕೊಳ್ಳುವುದಿಲ್ಲ.”

ಕೊನೆಗೆ ತಂದೆಯ ಕೊರಳಿನ ಹಾರವನ್ನೂ ತೆಗೆಸಿದರು; ಅದು ಕಾರ್ಪೊರೇಟರ ಹೆಗಲಿಗೆ ತಾಗಿ ಅಪಶಕುನವಾಗುತ್ತಿತ್ತಂತೆ. ರಸ್ತೆಯಿಂದ ನೋಡುವವರಿಗೆ, ತೀರಿಕೊಂಡವರು ಯಾರೆಂದು ತಿಳಿಯಲು ಒಂದೇ ಗುರುತು ಉಳಿಯಿತು: ಆ ಬ್ಯಾನರಿನಲ್ಲಿ ನಗದೆ ಇದ್ದವರು ಅವರೊಬ್ಬರೇ.