ತಲೆಕೆಳಗಾದ ಸಂತನೂ ಬಿಳಿ ಬಾವುಟವೂ

ನಮ್ಮ ಓಣಿಯ ಆರೋಗ್ಯ ಇನ್‌ಸ್ಪೆಕ್ಟರ್ ದೊನ್ ಎವಾರಿಸ್ತೊ ಹುದ್ದೆಯಲ್ಲಿ ಸೊಳ್ಳೆಗಿಂತ ಸ್ವಲ್ಪ ದೊಡ್ಡವನು, ಗತ್ತಿನಲ್ಲಿ ಮಂತ್ರಿಗಿಂತ ಸ್ವಲ್ಪ ಚಿಕ್ಕವನು. ಹಾಡಹಗಲಲ್ಲೂ ಟಾರ್ಚು ಹಾಕಿಕೊಂಡೇ ಹಿತ್ತಿಲುಗಳಿಗೆ ನುಗ್ಗುತ್ತಾನೆ. ನಲ್ಲಿ ಯಾವಾಗಲೋ ಒಮ್ಮೆ ಬರುವ ಊರು. ಮನೆಮನೆಗೂ ತೊಟ್ಟಿ, ಪೀಪಾಯಿ. ಅವುಗಳಲ್ಲಿ ಸೊಳ್ಳೆಯ ಹುಳು ಕಂಡರೆ ನಡುಬೀದಿಯಲ್ಲೇ ಉಪನ್ಯಾಸ. "ಸಂಸಾರ ಮಾಡ್ತಿದೀರೋ, ಸೊಳ್ಳೆ ಸಾಕ್ತಿದೀರೋ?" ಎಂದು ಶುರುವಾದರೆ ಹಂಚಿನ ಮೇಲಿನ ಪುಪೂಸ ರೊಟ್ಟಿ ಸೀಯುವವರೆಗೂ ನಿಲ್ಲುವುದಿಲ್ಲ.

ಈ ಸಲ ಅವನಿಗೊಂದು ಆಸೆ ಹತ್ತಿತ್ತು. ಒಂದು ಮನೆಯಲ್ಲೂ ಹುಳು ಸಿಗದ ಓಣಿಗೆ ಇಲಾಖೆಯವರು ಬಿಳಿ ಬಾವುಟ ಕಟ್ಟುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ಅವನಿಗದು ದಕ್ಕಿರಲಿಲ್ಲ. ರಾಜಧಾನಿ ಸಾನ್ ಸಾಲ್ವದೋರಿನಿಂದ ಇಲಾಖೆಯ ದೊಡ್ಡ ಡಾಕ್ಟರಮ್ಮ ಬರುವ ದಿನ ಬೆಳಗ್ಗೆ, ಕಡೆಯ ಸುತ್ತು ಹಾಕುತ್ತ ರೊಟ್ಟಿ ಅಂಗಡಿಯ ರುಫೀನಾಳ ಹಿತ್ತಿಲು ಹೊಕ್ಕ. ಪಕ್ಕದ ಮನೆಯವನಾದ ನಾನು ಬೇಲಿಯಾಚೆ ಹಲ್ಲುಜ್ಜುತ್ತಿದ್ದೆ.

ರುಫೀನಾ ನಲವತ್ತು ದಾಟಿದ ಒಂಟಿ ಹೆಂಗಸು. "ಗಂಡಸರಾ? ಹಂಚಿನ ಮೇಲೆ ಹಾಕಿದ್ರೂ ಬೇಯಲ್ಲ, ಮುಂಡೇವು" ಎಂದು ಗಿರಾಕಿಗಳೆದುರು ಸಾರುವವಳು. ಅಂಥವಳ ತೊಟ್ಟಿಯ ಹಿಂದೆ ಬಾಳೆಲೆ ಮುಚ್ಚಿದ ಮಡಕೆ! ಎಲೆ ಸರಿಸಿದರೆ ನೀರಿನಲ್ಲಿ ಸಂತ ಅಂತೋನಿಯ ಪುಟ್ಟ ಮೂರ್ತಿ, ತಲೆ ಕೆಳಗೆ, ಕಾಲು ಮೇಲೆ. ಮದುವೆಗೆ ಗಂಡು ಹುಡುಕಿಕೊಡುವವರೆಗೂ ಸಂತನಿಗೆ ಈ ಶಿಕ್ಷೆ ಕೊಡುವುದು ನಮ್ಮ ಹೆಣ್ಣುಮಕ್ಕಳ ಪದ್ಧತಿ. ಸಂತನ ಪಾದಗಳ ಸುತ್ತ ಹುಳುಗಳು ಕುಣಿಯುತ್ತಿದ್ದವು.

"ಚೆಲ್ರೀ ಇದನ್ನ!"

"ಮೆಲ್ಲಗೆ, ದೊನ್ ಎವಾರಿಸ್ತೊ! ಯಾರಿಗಾದ್ರೂ ಗೊತ್ತಾದ್ರೆ ನಾನು ಅಂಗಡಿ ಬಾಗ್ಲು ತೆಗೆಯೋ ಹಾಗಿಲ್ಲ. ಸಂತನ್ನ ನೆಟ್ಟಗೆ ಮಾಡಿದ್ರೆ ಹರಕೆ ಕೆಟ್ಟೋಗುತ್ತೆ."

"ಹರಕೆ ನಿಮಗೆ, ಡೆಂಗಿ ಜ್ವರ ಓಣಿಗೆಲ್ಲ!"

"ಹಂಗಾದ್ರೆ ತಲೆಕೆಳಗೇ ಹಿಡ್ಕೊಂಡಿರಿ. ಮಡಕೆ ತೊಳೀತೀನಿ."

ಇನ್‌ಸ್ಪೆಕ್ಟರ್ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿ, ಸಂತನ ಕಾಲು ಹಿಡಿದು ನಿಂತ. ರುಫೀನಾ ನೀರು ಚೆಲ್ಲಿ ಬ್ಲೀಚು ಹಾಕಿ ಮಡಕೆ ಉಜ್ಜಿ ತೊಳೆದಳು. ಹೊಸ ನೀರಿಗೆಂದು ತೊಟ್ಟಿಯತ್ತ ತಿರುಗಿದ್ದಳಷ್ಟೆ, ಡಾಕ್ಟರಮ್ಮನೂ ಅವರ ಬೆನ್ನಿಗೆ ಇಡೀ ಓಣಿಯೂ ಹಿತ್ತಿಲೊಳಗೆ ಬಂದುಬಿಟ್ಟಿತು.

"ಏನ್ರೀ ಇದು? ಯಾರದು ಈ ಸಂತ?"

ರುಫೀನಾಳ ಮುಖ ಬಿಳಿಚಿತು. 'ಇವಳದು' ಎಂದಿದ್ದರೆ ಇನ್‌ಸ್ಪೆಕ್ಟರನ ಮಾನ ಉಳಿಯುತ್ತಿತ್ತು. ಆ ಮಾತು ಅವನ ಗಂಟಲವರೆಗೆ ಬಂದು ವಾಪಸು ಹೋದದ್ದು ನನಗೆ ಬೇಲಿಯಿಂದಲೇ ಕಂಡಿತು.

"ನಂದು, ಡಾಕ್ಟರೇ. ಮನೇಲಿಟ್ರೆ ಅಮ್ಮ ಬೈತಾರೆ, ಅದಕ್ಕೇ ಇಲ್ಲಿಟ್ಟಿದ್ದೆ" ಎಂದ, ಐವತ್ತು ತುಂಬಿದ ಆಸಾಮಿ.

ಓಣಿ ಬಿದ್ದುಬಿದ್ದು ನಕ್ಕಿತು.

"ಎಂಥವಳು ಬೇಕಪ್ಪ ನಿಂಗೆ? ಸೊಳ್ಳೆ ಹಿಡಿಯೋಳಾ?" ಎಂದು ಮುದುಕಿ ತೊಮಾಸಾ ಕೂಗಿದಳು.

"ಆ ಸಂತನ್ನಾದ್ರೂ ಇಳಿಸಯ್ಯ, ತಲೆಗೆ ರಕ್ತ ಇಳಿದಿರುತ್ತೆ!" ಎಂದ ದರ್ಜಿ.

ಡಾಕ್ಟರಮ್ಮ ನಗು ನುಂಗಿಕೊಂಡು ಮಡಕೆಯನ್ನೂ ತೊಟ್ಟಿಯನ್ನೂ ಇಣುಕಿ ನೋಡಿದರು. ಒಂದು ಹುಳುವೂ ಇಲ್ಲ. "ಹೆಂಡತಿ ಸಿಗೋವರೆಗೂ ವಾರವಾರ ನೀರು ಬದಲಾಯಿಸ್ತಾ ಇರಿ" ಎಂದು ಹೇಳಿ ಬಾವುಟ ಕಟ್ಟಿಸಿ ಹೋದರು.

ಸಂತ ಈಗ ಇಲಾಖೆಯ ಲೆಕ್ಕದಲ್ಲಿ ಇನ್‌ಸ್ಪೆಕ್ಟರನದು. ಹಾಗಾಗಿ ಪ್ರತಿ ಶನಿವಾರ ನೀರು ಬದಲಿಸಲು ಅವನೇ ಹೋಗಬೇಕು. ಮೊನ್ನೆ ಮಡಕೆ ಉಜ್ಜುತ್ತ ರುಫೀನಾ ಗದರಿದಳು:

"ಗಟ್ಟಿಯಾಗಿ ಹಿಡ್ಕೊಳ್ರೀ. ಜಾರಿ ಬಿದ್ರೆ ಇಬ್ರಿಗೂ ಸಿಗಲ್ಲ."